ತಹಶೀಲ್ದಾರರ ಆದೇಶದಲ್ಲಿ ನಾವಿಬ್ಬರು

ರಾವೂರಿನ ನಮ್ಮ ಮನೆಯಲ್ಲಿ ನನ್ನ ನಿಶ್ಚಿತಾರ್ಥ ಮುಗಿದ ಬೆನ್ನಿಗೇ ವರನ ಸೋದರಮಾವನಿಗೆ ಕೊರೊನಾ ಇದೆಯೆಂದು ವರದಿ ಬಂತು. ಅವರನ್ನು ಕಲಬುರಗಿಯ ಆಸ್ಪತ್ರೆಗೆ ಒಯ್ದರು. ಅಂದು ಅವರೊಡನೆ ಊಟಕ್ಕೆ ಕೂತಿದ್ದ ಎರಡೂ ಮನೆಯವರನ್ನು ಚಿತ್ತಾಪುರದ ಖಾಲಿ ಹಾಸ್ಟೆಲ್ಲೊಂದಕ್ಕೆ ತಂದು ಬಿಟ್ಟರು. ಹೆಂಗಸರು ಮೇಲಿನ ಮಹಡಿ, ಗಂಡಸರು ಕೆಳಗೆ.

ನಮ್ಮಪ್ಪ ಹೈಸ್ಕೂಲ್ ಮಾಸ್ತರು. ಗೇಟಿನ ಹತ್ತಿರ ತಹಶೀಲ್ದಾರ್ ಮೇಡಂ ಅವರನ್ನು ತಡೆದು ಕೇಳಿದರು, "ನಾವೇನ್ ಕಳವು ಮಾಡೀವೇನ್ರಿ? ನಮ್ಮನ್ನ ಕೂಡಿ ಹಾಕ್ಲಿಕ್ಕಿ ನಿಮಗ ಯಾರು ಅಧಿಕಾರ ಕೊಟ್ಟಾರ?"

"ಕಾಯ್ದೆ ಕೊಟ್ಟದ್ರಿ ಸರ್. ರೋಗ ಹಬ್ಬತದಂದ್ರ ಯಾರನ್ನಾದ್ರೂ ಬ್ಯಾರೆ ಇಡಬಹುದು. ಗೇಟ್ ದಾಟಿದ್ರ ಕೇಸ್ ಆಗ್ತದ." ಆಕೆಯ ದನಿಯಲ್ಲೂ ದಣಿವಿತ್ತು. "ನನ್ನ ಕೂಸಿನ ಮುಖ ನೋಡಿ ನನಗೂ ಭಾಳ ದಿನ ಆಗ್ಯಾವ್ರಿ."

ಅಪ್ಪ ತಣ್ಣಗಾದರು. ನನಗೋ ಒಳಗೊಳಗೇ ನಗು. ನನ್ನ ವರ, ದಂಡೋತಿಯ ಆ ಹುಡುಗನ ಜೊತೆ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಹಿರಿಯರ ನಡುವೆ ತಲೆ ತಗ್ಗಿಸಿ ಉಂಗುರ ತೊಡಿಸಿಕೊಂಡಿದ್ದೆ, ಅಷ್ಟೆ. ಈಗ ಸರ್ಕಾರವೇ ನಮ್ಮಿಬ್ಬರನ್ನೂ ಒಂದೇ ಕಟ್ಟಡದಲ್ಲಿಟ್ಟು ಬೀಗ ಹಾಕಿತ್ತು.

ಮರುದಿನ ಬೆಳಿಗ್ಗೆ ಅವನು ಅಂಗಳದ ಬೇವಿನ ಗಿಡದ ಕೆಳಗೆ ಹಲ್ಲುಜ್ಜುತ್ತಿದ್ದ. ನಾನು ಟವೆಲ್ ಒಣಹಾಕುವ ನೆಪದಲ್ಲಿ ಮಹಡಿಯ ಕಟಕಟೆಗೆ ಬಂದೆ. ಟವೆಲ್ ಒಣಗಿಯೇ ಇತ್ತು.

"ಚಹಾ ಆಯ್ತೇನ್ರಿ?" ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೇಳಿದ.

"ಮೊದಲ ಬಾಯಿ ಮುಕ್ಕಳಿಸ್ರಿ," ಅಂದೆ.

ಕೋಣೆಯೊಳಗಿಂದ ಅವನ ತಾಯಿ ಜೋರಾಗಿ ನಕ್ಕರು. ಆಮೇಲೆ ನಮ್ಮನ್ನು ಯಾರೂ ತಡೆಯಲಿಲ್ಲ. ಅವನು ಕೆಳಗೆ, ನಾನು ಮೇಲೆ, ಇಬ್ಬರ ಮುಖಕ್ಕೂ ಮಾಸ್ಕು. ಕೂಗಿ ಕೂಗಿಯೇ ಮಾತು. ತುಂಬಿದ ಕಾಗಿಣಾ ಹೊಳೆಯನ್ನು ಈಜಿ ದಾಟಿದ್ದೇನೆಂದು ಒಮ್ಮೆ ಜಂಬ ಕೊಚ್ಚಿಕೊಂಡ. ಅವನ ತಂದೆ ಕಿಟಕಿಯಿಂದಲೇ, "ಸುಳ್ಳವ್ವ, ಮೊಣಕಾಲ ನೀರಿಗಿ ಅಂಜ್ತಾನ," ಅಂದರು. ಇಡೀ ಮಹಡಿ ನಕ್ಕಿತು.

ಕೊನೆಗೆ ಎಲ್ಲರ ವರದಿಯೂ ನೆಗೆಟಿವ್ ಬಂತು. ಅವನದು ಮಾತ್ರ ಮತ್ತೊಮ್ಮೆ ಪರೀಕ್ಷೆ ಆಗಬೇಕೆಂದರು. ಉಳಿದವರು ಗಂಟು ಕಟ್ಟುತ್ತಿದ್ದಾಗ ನಾನು ನರ್ಸಮ್ಮನ ಹತ್ತಿರ ಹೋಗಿ, "ಸಿಸ್ಟರ್, ನನಗ ಗಂಟಲ ನೋಯ್ಲಿಕತ್ತದ್ರಿ," ಅಂದೆ.

ಆಕೆ ಟಾರ್ಚು ಹಾಕಿ ನೋಡಿದರು. "ಅಷ್ಟು ಕೂಗಿದ್ರ ನೋಯ್ಲಾರದ ಏನ್ ಮಾಡ್ತದವ್ವ? ಮನಿಗಿ ನಡಿ. ಅವ್ರೂ ಬರ್ತಾರ."

ಹಾಗೇ ಆಯಿತು. ಅವನೂ ಬಂದ, ಸೋದರಮಾವನೂ ಗುಣವಾಗಿ ಬಂದರು. ಲಗ್ನಕ್ಕೆ ಕೆಲವರಿಗಷ್ಟೇ ಪರವಾನಗಿ ಸಿಕ್ಕಿತು. ಅಕ್ಷತೆ ಬೀಳುವಾಗ ಅವನ ಆ ನೊರೆಬಾಯಿ ನೆನಪಾಗಿ ಮಾಸ್ಕಿನೊಳಗೆ ನನಗೆ ನಗು ತಡೆಯಲಾಗಲಿಲ್ಲ, ಭುಜ ಅಲುಗತೊಡಗಿತು. ಮಗಳು ಅಳುತ್ತಿದ್ದಾಳೆಂದು ತಿಳಿದ ಅಪ್ಪ ಮೆಲ್ಲಗೆ ಬೆನ್ನು ಸವರಿದರು.