ಕಡಿಮೆ ಹೇಳುವ ಚಟ

ನನಗೆ ಕುಡಿತದ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ. ಇರುವುದೊಂದೇ, ಕಡಿಮೆ ಹೇಳುವ ಚಟ. ಕೆ.ಆರ್. ಪುರದ ಸೇತುವೆಯ ಮೇಲೆ ಎರಡು ಗಂಟೆ ಬಸ್ಸಿನಲ್ಲಿ ಬೆಂದು ಬಂದರೂ ‘ಸ್ವಲ್ಪ ಟ್ರಾಫಿಕ್ ಇತ್ತು’ ಎನ್ನುತ್ತೇನೆ. ಹೆಂಡತಿಯ ಬಿಸಿಬೇಳೆಬಾತನ್ನು ಮೂರು ಸಲ ಬಡಿಸಿಕೊಂಡು ‘ತಿನ್ನಬಹುದು’ ಎಂದಿದ್ದೇನೆ. ಅವಳು ಮೂವತ್ತು ವರ್ಷದಿಂದ ನನ್ನ ಮಾತನ್ನು ಹತ್ತರಿಂದ ಗುಣಿಸಿ ಕೇಳಿಸಿಕೊಳ್ಳುತ್ತಿರುವುದರಿಂದ ಸಂಸಾರ ನಡೆದಿದೆ.

ಅಲಂಕಾರಶಾಸ್ತ್ರ ಬಲ್ಲವರು ಅತಿಶಯೋಕ್ತಿಗೆ ಮಣೆ ಹಾಕಿ ಕೂರಿಸಿದ್ದಾರೆ. ಅಲ್ಪೋಕ್ತಿಗೆ ಒಂದು ಚಾಪೆಯನ್ನಾದರೂ ಹಾಸಿದ್ದಾರೋ ಇಲ್ಲವೋ, ನಾನು ಓದಿದ ನಾಲ್ಕು ಪುಟದಲ್ಲಿ ಕಾಣಲಿಲ್ಲ. ಮಗುವನ್ನು ಹೊಗಳಿದರೆ ದೃಷ್ಟಿಯಾಗುತ್ತದೆಂದು ಹೆದರುವ ಮನೆಯಲ್ಲಿ ಬೆಳೆದವನು ನಾನು. ತೀರಾ ಇಷ್ಟವಾದದ್ದನ್ನು ತೀರಾ ಮೆಲ್ಲಗೆ ಹೇಳಬೇಕೆಂಬುದು ನನ್ನ ಮತ. ಆ ಮತ ಮೊನ್ನೆ ಒಂದು ಮದುವೆಯನ್ನೇ ಮುರಿಯುವುದರಲ್ಲಿತ್ತು.

ಜೀವನ್ ಬಿಮಾ ನಗರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಶುಭಾ. ದೊಡ್ಡನೆಕ್ಕುಂದಿಯಲ್ಲಿ ಅವಳಿಗೆ ಕೆಲಸ. ಅದೇ ಆಫೀಸಿನ ಹುಬ್ಬಳ್ಳಿಯ ಹುಡುಗನೂ ಅವಳೂ ಒಬ್ಬರನ್ನೊಬ್ಬರು ಒಪ್ಪಿಕೊಂಡಿದ್ದರು. ಆದರೆ ಅಕ್ಕಪಕ್ಕದಲ್ಲಿ ವಿಚಾರಿಸದೆ ಹೆಣ್ಣು ತರುವುದುಂಟೆ? ಹುಡುಗನ ತಂದೆ ನನಗೆ ಫೋನ್ ಮಾಡಿದರು.

“ಹುಡುಗಿ ಹ್ಯಾಂಗ ಅದಾಳ್ರೀ?”

ನನ್ನ ಬಳಿ ಇದ್ದುದರಲ್ಲೆಲ್ಲ ದೊಡ್ಡ ಹೊಗಳಿಕೆಯನ್ನೇ ಕೊಟ್ಟೆ: “ಅಂಥಾ ದೂರೇನೂ ಇಲ್ಲ ಸಾರ್.”

“ಹೌದ್ರೀ,” ಎಂದು ಅವರು ಫೋನ್ ಇಟ್ಟರು. ಏನೋ ದೂರಿದೆ, ಈ ಮನುಷ್ಯ ಮುಚ್ಚಿಡುತ್ತಿದ್ದಾನೆ ಎಂದುಕೊಂಡರಂತೆ. ನಿಶ್ಚಿತಾರ್ಥದ ಮಾತು ಅಲ್ಲಿಗೇ ನಿಂತಿತು.

ವಾರ ಕಳೆದ ಮೇಲೆ ಶುಭಾ ಬಂದಳು. ಅತ್ತು ಅತ್ತು ಕಣ್ಣು ಕೆಂಪಗಾಗಿತ್ತು. “ಅಂಕಲ್, ನನ್ ಬಗ್ಗೆ ಅವ್ರಿಗೆ ಏನ್ ಹೇಳ್ಬಿಟ್ರಿ?”

ಹೇಳಿದೆ. ಅವಳು ಕುರ್ಚಿಯ ಮೇಲೆ ಕೂತುಬಿಟ್ಟಳು. ನನಗೆ ನಿಜವಾಗಿ ನಾಚಿಕೆಯಾಯಿತು. ಕೂಡಲೇ ಹುಬ್ಬಳ್ಳಿಗೆ ಫೋನ್ ಮಾಡಿದೆ. ಲಕ್ಷ್ಮಿ, ಸರಸ್ವತಿ, ಅಪರಂಜಿ ಎಂದೆಲ್ಲ ಹೊಗಳಲು ಹೊರಟರೆ ನಾಲಿಗೆಯೇ ಏಳಲಿಲ್ಲ. ಕೊನೆಗೆ ನಡೆದದ್ದನ್ನೇ ಹೇಳಿದೆ.

“ಸಾರ್, ಹೋದ್ ವರ್ಷ ನನ್ ಹೆಂಡ್ತಿ ಕೈ ಮುರ್ಕೊಂಡು ಹಲಸೂರಲ್ಲಿ ಆಸ್ಪತ್ರೆ ಸೇರಿದ್ಲು. ಈ ಹುಡುಗಿ ಹನ್ನೊಂದ್ ದಿನ ಆಫೀಸಿಗೆ ಹೋಗೋಕ್ ಮುಂಚೆ ಅಲ್ಲಿಗ್ ಬಂದು, ಅವಳಿಗೆ ತಲೆ ಬಾಚಿ, ಜಡೆ ಹಾಕಿ ಹೋಗ್ತಿದ್ಲು. ನಾವ್ಯಾರೂ ಕೇಳಿರ್ಲಿಲ್ಲ. ನಮಗೆ ಮಕ್ಕಳಿಲ್ಲ ಸಾರ್. ಇವಳು ನಮ್ಮನೇಲೇ ಹುಟ್ಬಾರ್ದಿತ್ತಾ ಅಂತ ಎಷ್ಟೋ ಸಲ ಅನ್ಕೊಂಡಿದ್ದೀನಿ.”



“ಇದನ್ನ ಅವತ್ತ ಹೇಳಬಾರದೇನ್ರೀ?” ಎಂದರು ಶುಭಾಳ ಮಾವನಾಗಲಿದ್ದವರು. “ರವಿವಾರ ಬರ್ತೀವಿ, ಆಕಿ ಅಪ್ಪಗ ಹೇಳ್ರಿ.”

ತಿರುಗಿ ನೋಡಿದರೆ ಶುಭಾ ದುಪಟ್ಟಾದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳಿಗೇ ಒಮ್ಮೆಯೂ ಹೇಳಿರಲಿಲ್ಲವೆಂಬುದು ಆಗ ಹೊಳೆಯಿತು.

“ಖುಷಿ ಆಯ್ತೇನಮ್ಮಾ?” ಎಂದೆ.

“ಪರವಾಗಿಲ್ಲ ಅಂಕಲ್,” ಎಂದಳು.

ನಮ್ಮ ಬೀದಿಯಲ್ಲೇ ಬೆಳೆದ ಹುಡುಗಿ, ಇನ್ನೇನು ಅಂದಾಳು? ಹುಬ್ಬಳ್ಳಿಯ ಅತ್ತೆ ಮೊದಲ ದಿನ ಹೋಳಿಗೆ ಬಡಿಸಿ, ಹೇಗಿದೆ ಎಂದು ಇವಳನ್ನು ಕೇಳುವ ಹೊತ್ತನ್ನು ನೆನೆದರೆ ನನಗೆ ಈಗಿನಿಂದಲೇ ಎದೆ ಡವಡವ ಎನ್ನುತ್ತಿದೆ.