ಹಸಿ ಬಣ್ಣದ ಸಿಪಾಯಿಗಳು

ಹೋದ ತಿಂಗಳು ಯಳಂದೂರಿನ ನಮ್ಮ ಕಾಲೇಜಿನ ಕಿಟಕಿಗಳಿಗೆ ಬಣ್ಣ ಹೊಡೆಸಿದರು. ಟರ್ಪೆಂಟೈನ್ ವಾಸನೆ ತಾಳಲಾರದೆ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಹೊರಗೆ ಹೋದರು. ನಾನೊಬ್ಬ ಕೂತೇ ಇದ್ದೆ. ತಲೆನೋವು ಬಂತು, ಆದರೂ ಏಳಲಿಲ್ಲ. ನಿಮಗೂ ಇಂಥದೊಂದು ವಾಸನೆ ಇರಬಹುದು: ಇಷ್ಟವೆಂದು ಹೇಳಲಾಗದು, ಬಿಟ್ಟು ಏಳಲೂ ಆಗದು. ನನಗೆ ಆ ವಾಸನೆಯೆಂದರೆ ಕೊಳ್ಳೇಗಾಲದ ಒಂದು ತಗಡಿನ ಶೆಡ್ಡು, ಅದರೊಳಗೆ ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಮುನ್ನೂರು ಸಿಪಾಯಿಗಳು.

ಮುನ್ನೂರು ಎಂದೆನೇ? ಇನ್ನೂರೂ ಇರಬಹುದು. ‘ಕಣ್ಣಾರೆ ಕಂಡೆ’ ಎನ್ನುವವನನ್ನೇ ಮೊದಲು ಅನುಮಾನಿಸಬೇಕೆಂದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಎರಡು ವರ್ಷ ಕಲಿತು, ಈಗ ಅದನ್ನೇ ಮಕ್ಕಳಿಗೆ ಕಲಿಸಿ ಸಂಬಳ ಪಡೆಯುವವನು ನಾನು. ಅನುಮಾನ ನನಗೆ ಕಸುಬು. ನನ್ನ ನೆನಪಿನ ಮೇಲೆ ಮಾತ್ರ ಅದನ್ನು ಪ್ರಯೋಗಿಸುವ ಧೈರ್ಯ ಬಹಳ ದಿನ ಬಂದಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಮೊದಲ ಕೆಲಸಕ್ಕೆಂದು ಕೊಳ್ಳೇಗಾಲಕ್ಕೆ ಹೋದಾಗ, ನನ್ನ ಬಾಡಿಗೆ ರೂಮಿನ ಪಕ್ಕದ ಶೆಡ್ಡಿನಲ್ಲಿ ನಂಜುಂಡ ಬೋರ್ಡು ಬರೆಯುತ್ತಿದ್ದ. ಹನೂರಿನವರೆಗೆ ಅಂಗಡಿಗಳ ಹಣೆಯ ಮೇಲಿನ ಅಕ್ಷರವೆಲ್ಲ ಒಂದು ಕಾಲದಲ್ಲಿ ಅವನದೇ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿ, ಬ್ರಷ್ಷು ತೊಳೆದು ಒಣಗಿಸುವುದೇ ಅವನಿಗೆ ದಿನದ ಮುಖ್ಯ ಕೆಲಸವಾಗಿತ್ತು. ನಾನು ಆಗಷ್ಟೇ ಒಂದು ವಿಡಿಯೊ ನೋಡಿ ಹುಚ್ಚು ಹತ್ತಿಸಿಕೊಂಡಿದ್ದೆ. ಹಿಂದೆ ನಡೆದ ಯುದ್ಧವೊಂದನ್ನು ಆರಿಸಿಕೊಳ್ಳುವುದು, ಎರಡೂ ಕಡೆಯ ಸೈನ್ಯವನ್ನು ಚಿಕ್ಕದಾಗಿ ಮಾಡಿ ಬಣ್ಣ ಬಳಿಯುವುದು, ಮೇಜಿನ ಮೇಲೆ ನೆಲ, ಗುಡ್ಡ, ಹಳ್ಳ ಜೋಡಿಸಿ ಆ ಯುದ್ಧವನ್ನು ಮತ್ತೆ ಆಡುವುದು. ದೂರದ ದೇಶಗಳಲ್ಲಿ ತಲೆ ನರೆತವರು ಇದನ್ನು ಆಡುತ್ತಾರೆ. ನಂಜುಂಡನಿಗೆ ವಿವರಿಸಿದೆ. ಅವನು ಎಲ್ಲವನ್ನೂ ಕೇಳಿ, “ಅಂಗಾರೆ ಗೆದ್ದೋರ್ ಸೋಲ್‌ಬೋದಾ?” ಅಂದ. ಸೋಲಬಹುದು ಅಂದೆ. “ಅಂಗಾರೆ ಮಾಡುವ, ಬನ್ನಿ ಸಾ.”

ಮೈಸೂರಿನ ಹುಲಿಪಟ್ಟೆ ಅಂಗಿಯವರು ಒಂದು ಕಡೆ, ಕುಂಪಣಿಯ ಕೆಂಪಂಗಿಯವರು ಇನ್ನೊಂದು ಕಡೆ. ತಂತಿ ಬಗ್ಗಿಸಿ ಮೈ ಮಾಡಿದೆವು. ಸೋರುವ ನಲ್ಲಿಗೆ ಮೆತ್ತುತ್ತಾರಲ್ಲ, ಎರಡು ಉಂಡೆ ಕಲಸುವ ಅಂಟು, ಅದೇ ಮಾಂಸ. ಉರಿದು ಉಳಿದ ಊದುಬತ್ತಿ ಕಡ್ಡಿ ಬಂದೂಕವಾಯಿತು. ಮುಂಡಾಸಿಗೆ ಮಗ್ಗದ ಮನೆಗಳಲ್ಲಿ ಬಿಸಾಡುವ ರೇಷ್ಮೆ ಎಳೆ ಸುತ್ತಿದೆವು. ಬಡ ಸಿಪಾಯಿಗೆ ರೇಷ್ಮೆ ಮುಂಡಾಸು ಎಲ್ಲಿಂದ ಬಂತೆಂದು ನಾನು ತಗಾದೆ ತೆಗೆದರೆ, “ಕೊಳ್ಳೇಗಾಲದಲ್ ಉಟ್ಟಿ ಬೆಳ್ದವ್ನೆ, ಇಟ್ಕಳ್ಳಿ” ಅನ್ನುತ್ತಿದ್ದ. ಕಣ್ಣು, ಮೀಸೆ ಬರೆಯಲು ಒಡೆಯರಪಾಳ್ಯದ ಟಿಬೆಟಿನ ಚಿತ್ರಗಾರರೊಬ್ಬರು ಅವನಿಗೆ ಕೊಟ್ಟಿದ್ದ ಮೂರೇ ಕೂದಲಿನ ಬ್ರಷ್ಷಿತ್ತು. ಗುಡ್ಡ ಮಾಡು ಎಂದರೆ ಒಂದು ಮಗ್ಗುಲಿಗೆ ಬಿಳಿ ಬಂಡೆ ಇಟ್ಟು ಬಿಳಿಗಿರಿರಂಗನ ಬೆಟ್ಟವನ್ನೇ ಮಾಡುತ್ತಿದ್ದ. ಅಲ್ಲಿ ಈ ಯುದ್ಧ ನಡೆದೇ ಇಲ್ಲ ಎಂದು ಪುಸ್ತಕ ತೋರಿಸಿದರೆ, ಆ ಪುಸ್ತಕ ಬರೆದವನು ಬೆಟ್ಟ ನೋಡಿಲ್ಲ ಎನ್ನುತ್ತಿದ್ದ. ಗುಂಡು ತಗುಲಿತೋ ಇಲ್ಲವೋ ಎಂದು ತೀರ್ಮಾನಿಸಲು ದಾಳದ ಬದಲು ಕವಡೆ. ಮೂರು ತಿಂಗಳಲ್ಲಿ ‘ಸಾ’ ಹೋಗಿ ‘ಲೇ’ ಬಂತು. ನನಗೆ ಬೇರೆ ಯಾರೂ ಲೇ ಎನ್ನುತ್ತಿರಲಿಲ್ಲ.

ಬಣ್ಣ ಬಳಿದ ಸಿಪಾಯಿಗಳನ್ನು ಒಣಗಲು ನಿಲ್ಲಿಸುತ್ತಿದ್ದುದು ಚಂದ್ರಿಕೆಯಲ್ಲಿ. ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ ಅದು. ಒಳಗೆ ಬಿದಿರಿನ ಗೋಡೆ ಸುತ್ತಿ ಸುತ್ತಿ ನಡುವಿಗೆ ಹೋಗುತ್ತದೆ. ಆ ಓಣಿಯಲ್ಲಿ ಎರಡೂ ಸೈನ್ಯ ಒಂದರ ಹಿಂದೊಂದು ನಿಂತು, ಯಾರು ಯಾರನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ.

ಆ ವರ್ಷದ ಆಯುಧಪೂಜೆಯ ದಿನವೂ ಹಾಗೇ ನಿಂತಿದ್ದವು. ಇದೇ ಹುಚ್ಚಿನ ಇಬ್ಬರು ಮೈಸೂರಿನಿಂದ ಎರಡು ದಿನದಲ್ಲಿ ಆಡಲು ಬರುವವರಿದ್ದರು. ಹಿಂದಿನ ಸಂಜೆಯಷ್ಟೇ ಮುಖಗಳನ್ನು ಬರೆದು ಮುಗಿಸಿದ್ದೆವು. ಬೆಳಿಗ್ಗೆ ನಂಜುಂಡನ ಅವ್ವ ಮಾದೇವಮ್ಮ ಬಂದು ಶೆಡ್ಡಿನ ಏಣಿ, ಅಡಿಪಟ್ಟಿ, ಬಣ್ಣದ ಡಬ್ಬಿ, ನನ್ನ ಸೈಕಲ್ಲು ಎಲ್ಲಕ್ಕೂ ವಿಭೂತಿ ಬಳಿದು ಚಂದ್ರಿಕೆಯ ಮುಂದೆ ನಿಂತರು. “ಇವ್ರ ಕೈಲೂ ಬಂದೂಕ ಅವಲ್ಲ, ಇವ್ರೇನ್ ಪಾಪ ಮಾಡವ್ರೆ?” ಎಂದು, ಪೊರಕೆ ಕಡ್ಡಿಯನ್ನು ನೀರಿನಲ್ಲಿ ಕಲಸಿದ ವಿಭೂತಿಗೆ ಅದ್ದಿ, ಒಬ್ಬೊಬ್ಬನ ಹಣೆಗೂ ಮೂರು ಗೆರೆ ಎಳೆದರು. ಮೈಸೂರು, ಕುಂಪಣಿ ಎಂಬ ಭೇದವಿಲ್ಲ. ಸಮುದ್ರ ದಾಟಿ ಬಂದ ಕೆಂಪಂಗಿಯವನೂ ಶಿವಭಕ್ತನಾಗಿಬಿಟ್ಟ. ಬಣ್ಣ ಹಸಿಯಿತ್ತು, ವಿಭೂತಿ ಅದರೊಳಗೆ ಇಳಿದು ಕೂತಿತು.

ಇಲ್ಲಿಂದ ಮುಂದೆ ನನ್ನ ನೆನಪು ಹೀಗಿದೆ. ಅವ್ವನ ಎದುರು ನಕ್ಕೆ. ಮೈಸೂರಿನಿಂದ ಆಡಲು ಬರುವವರು ನೋಡಿದರೆ ಏನಂದಾರು ಎಂದು ಒಳಗೇ ಬೆವರಿದೆ. ತಾಯಿ ಮಗ ದೇವಸ್ಥಾನಕ್ಕೆ ಹೋದದ್ದೇ ಟರ್ಪೆಂಟೈನ್ ಬಟ್ಟೆ ತೆಗೆದುಕೊಂಡು ಹಣೆಗಳನ್ನು ಒರೆಸಿದೆ. ವಿಭೂತಿಯ ಜೊತೆಗೆ ಕಣ್ಣು, ಮೀಸೆ, ಮುಖವೆಲ್ಲ ಹೋದವು. ಅಷ್ಟರಲ್ಲಿ ನಂಜುಂಡ ಬಾಗಿಲಲ್ಲಿ ನಿಂತಿದ್ದ. “ಅವ್ವ ಇಕ್ಕಿದ್ದು ಕಣ್ಲಾ ಅದು” ಅಂದ. ಬೈದಿದ್ದರೆ ಚೆನ್ನಾಗಿತ್ತು. ಮೈಸೂರಿನವರಿಗೆ ಬರಬೇಡಿ ಎಂದು ತಿಳಿಸಿದೆವು. ಮುಂದಿನ ತಿಂಗಳು ನನಗೆ ಯಳಂದೂರಿನಲ್ಲಿ ಕೆಲಸ ಸಿಕ್ಕಿತು. ಕೊಳ್ಳೇಗಾಲ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಆದರೂ ಹನ್ನೆರಡು ವರ್ಷ ಆ ಬೀದಿಗೆ ಕಾಲಿಡಲಿಲ್ಲ.

ಕಿಟಕಿಗೆ ಬಣ್ಣ ಹೊಡೆಸಿದ ಸಂಜೆ ಫೋನು ಮಾಡಿದೆ. “ಏಳಿ ಮೇಷ್ಟ್ರೇ” ಅಂದ ನಂಜುಂಡ. ಲೇ ಇರಲಿಲ್ಲ. “ನಿಮ್ ಸಿಪಾಯಿಗ್ಳು ಇಲ್ಲೇ ಅವೆ. ಬಂದು ತಕಂಡೋಗಿ.”

ಭಾನುವಾರ ಹೋದೆ. ಶೆಡ್ಡು ಅದೇ, ನಂಜುಂಡನ ಹೊಟ್ಟೆ ಮಾತ್ರ ಹೊಸದು. ಚಂದ್ರಿಕೆ ಅಟ್ಟದಿಂದ ಇಳಿಯಿತು. ಮುಖವಿಲ್ಲದ ಸಿಪಾಯಿಗಳು ಹಾಗೇ ನಿಂತಿದ್ದರು. ಎಣಿಸಲಿಲ್ಲ, ನೂರು ದಾಟಿದರೆ ಹೆಚ್ಚು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯವನ್ನು ಒಪ್ಪಿಸಿದೆ: “ನಂಜುಂಡ, ಅವತ್ತು ನಾನು ಒರೆಸಬಾರದಾಗಿತ್ತು.”

ಅವನು ನನ್ನನ್ನೇ ನೋಡಿದ. “ನೀವ್ ಎಲ್ಲಿ ಒರಸುದ್ರಿ? ಒರಸ್ದೋನು ನಾನು. ಮೈಸೂರ್‌ನೋರ್ ಮುಂದೆ ನಿಮ್ ಮರ್ಯಾದೆ ಓಯ್ತದೆ ಅಂತ, ನೀವು ರೂಮಿಗ್ ಓದಾಗ ಒರಸ್ಬುಟ್ಟೆ. ನೀವ್ ಬಂದ್ ನಿಂತ್ಕಂಡು ‘ಅವ್ವ ಇಟ್ಟಿದ್ದು ಕಣೋ ಅದು’ ಅಂದ್ರಿ. ಆ ಮಾತು ಇನ್ನೂ ಕೊರೀತದೆ. ಅದ್ಕೇ ನೀವು ಬರ್ನಿಲ್ಲ ಅನ್ಕಂಡಿದ್ದೆ.”

ನನ್ನ ಎದೆಗೆ ನಾಟಿದ್ದ ಮಾತು ಅವನ ಎದೆಗೂ ನಾಟಿತ್ತು, ಆಡಿದವನು ಮಾತ್ರ ಬೇರೆ. ಇಬ್ಬರು ಸಾಕ್ಷಿಗಳು, ಇಬ್ಬರೂ ತಪ್ಪನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತಿದ್ದಾರೆ. ಪಾಠದಲ್ಲಿ ಇಂಥ ಉದಾಹರಣೆ ಬಂದಿರಲಿಲ್ಲ.

ಕಸುಬು ಬಿಡದೆ, ಚೀಲದಿಂದ ಭೂತಗನ್ನಡಿ ತೆಗೆದೆ. ನಾನು ಎಡಗೈಯವನು, ಅವನು ಬಲಗೈಯವನು; ಬಟ್ಟೆ ಎಳೆದ ಗುರುತು ಎತ್ತ ಹೋಗಿದೆ ಎಂದು ನೋಡಿದರೆ ಮುಗಿಯಿತಲ್ಲ. ಒಬ್ಬ ಕೆಂಪಂಗಿಯವನ ಮುಖದ ಬಣ್ಣ ಎಡಕ್ಕೆ ಜಾರಿತ್ತು. ಹುಲಿಪಟ್ಟೆಯವನದು ಬಲಕ್ಕೆ. ಇನ್ನೊಬ್ಬನದು ಮೇಲಕ್ಕೆ.

“ಗೊಂಬೆ ತಲೆಕೆಳಗಾಗ್ ಇಡ್ಕಂಡ್ ಒರಸಿದ್ರೆ?” ಅಂದ ನಂಜುಂಡ.

ಅದನ್ನು ನಾನು ಯೋಚಿಸಿರಲಿಲ್ಲ. ಕನ್ನಡಿ ಕೆಳಗಿಟ್ಟೆ.

ನಮ್ಮ ದನಿ ಕೇಳಿ ಅವ್ವ ಬಂದರು. ಸೊಂಟ ಬಗ್ಗಿದೆ, ಹಣೆಯ ವಿಭೂತಿ ಮಾತ್ರ ನೆಟ್ಟಗಿದೆ. ವಿಷಯ ಕೇಳಿಕೊಂಡು ಗದರಿದರು. “ಯಾರ್ ಒರಸುದ್ರೇನ್ಲಾ? ತೆಪ್ಪು ನಂದು. ಮುಟ್ಟಿ ನೋಡ್ದೆ ಹಸಿ ಬಣ್ಣದ್ ಮೇಲೆ ಇಕ್ಬುಟ್ಟೆ. ಮೂರ್ ತಿಂಗ್ಳು ಕುಂತು ಮಾಡಿದ್ರಿ. ನನ್ ಮೇಲೆ ಮುನಿಸ್ಕಂಡು ನೀನು ಬರ್ನೇ ಇಲ್ಲ ಅನ್ಕಂಡಿದ್ದೆ ಕಣ್ ಮಗ.”

ನಾನು ಏನೋ ಹೇಳಹೊರಟೆ. “ಸುಮ್ಕಿರ್ಲಾ ಲೇ,” ಅಂದ ನಂಜುಂಡ, “ಮೂರ್ ಜನ ಒರಸಿದ್ರೂ ಒಂದೇ ಮೊಕ ಓಗೋದು.”

ಅವನ ಬಾಯಿಂದ ಆ ‘ಲೇ’ ಬಂದದ್ದನ್ನು ಅವನು ಗಮನಿಸಿದನೋ ಇಲ್ಲವೋ. ನಾನು ಗಮನಿಸಿದೆ. ಇದನ್ನು ಮನೆಗೆ ಬಂದ ಕೂಡಲೇ ಬರೆದಿಟ್ಟಿದ್ದೇನೆ, ಮುಂದೆ ನನ್ನ ನೆನಪು ಇದನ್ನೂ ಬೇರೆ ಯಾರಿಗಾದರೂ ಕೊಟ್ಟುಬಿಡದಿರಲೆಂದು.

ಹೊರಡುವಾಗ ಅವ್ವ ಬಾಗಿಲವರೆಗೆ ಬಂದರು. “ಈ ಸಲದ ಆಯುಧಪೂಜೆ ಒತ್ಗೆ ಒಣಗಿರ್ತವಾ?”

ಈಗ ನನ್ನ ಮೇಜಿನ ಮೇಲೆ ಅರ್ಧ ಸೈನ್ಯವಿದೆ. ಉಳಿದರ್ಧ ನಂಜುಂಡನ ಶೆಡ್ಡಿನಲ್ಲಿ. ಮೂರು ಕೂದಲಿನ ಬ್ರಷ್ಷು ವಾರಕ್ಕೊಮ್ಮೆ ಬಸ್ಸಿನಲ್ಲಿ ಓಡಾಡುತ್ತದೆ. ಕಿಟಕಿ ತೆರೆದರೆ ನಿಜವಾದ ಬೆಟ್ಟ ಕಾಣುತ್ತದೆ. ಆದರೂ ಟರ್ಪೆಂಟೈನ್ ವಾಸನೆ ಹೊರಗೆ ಹೋಗದಿರಲೆಂದು ಮುಚ್ಚಿಯೇ ಇಟ್ಟಿದ್ದೇನೆ. ಕಣ್ಣು, ಮೀಸೆ ಮುಗಿದಿವೆ. ಹಬ್ಬಕ್ಕೆ ಇನ್ನೂ ದಿನವಿದೆ. ದಿನಕ್ಕೊಮ್ಮೆ ಒಬ್ಬ ಕೆಂಪಂಗಿಯವನನ್ನು ಎತ್ತಿ, ಅವನ ಹಣೆಯನ್ನು ಕಿರುಬೆರಳ ತುದಿಯಿಂದ ಮುಟ್ಟಿ ನೋಡುತ್ತೇನೆ.