ಸಣ್ಣದೋ, ದೊಡ್ಡದೋ?

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸುರಪುರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಆಗಿದ್ದೆ. ನಾರಾಯಣಪುರದ ನೀರು ಕಾಲುವೆಗಳಲ್ಲಿ ಹರಿಯತೊಡಗಿ, ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ನೀರು ಬಂತು, ಅನ್ನ ಬಂತು, ಸೊಳ್ಳೆಯೂ ಬಂತು. ಹೆಂಗಸರ ಮೈಯಲ್ಲಿ ರಕ್ತ ಮಾತ್ರ ಬರಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, "ಆಸ್ಕ್ ಪ್ರಾಪರ್ಲಿ, ಚೈಲ್ಡ್." ಸರಿಯಾಗಿ ಕೇಳು, ಸರಿಯಾದ ಉತ್ತರ ಸಿಗುತ್ತದೆ. ಆ ಮಾತಿನ ಬೆಲೆ ನನಗೆ ತಿಳಿದದ್ದು ಯಲ್ಲವ್ವ, ಭೀಮವ್ವ ಎಂಬ ಅತ್ತೆ ಸೊಸೆಯರಿಂದ.

ಒಂದು ಬೇಸಿಗೆ ದೂರದ ನಗರದಿಂದ ಸಂಶೋಧನೆಯ ತಂಡವೊಂದು ಬಂತು. ರೆಡ್ ಮೀಟ್, ಅಂದರೆ ಕುರಿ, ಆಡು, ದನಗಳ ಮಾಂಸ ತಿನ್ನುವವರಿಗೆ ಬಿಪಿ ಹೆಚ್ಚೇ ಎಂಬುದು ಅವರ ವಿಷಯ. ವಿಧಾನ, ಫುಡ್ ಫ್ರೀಕ್ವೆನ್ಸಿ ಕ್ವೆಶ್ಚನೇರ್. ಕಳೆದ ವರ್ಷ ಏನೇನು ತಿಂದಿರಿ, ಎಷ್ಟು ಸಲ, ಎಷ್ಟೆಷ್ಟು ಎಂದು ಕೇಳಿ ಬರೆದುಕೊಳ್ಳುವುದು. ಮೊನ್ನೆ ಏನು ಉಂಡೆ ಎಂದು ಯಾರಾದರೂ ಕೇಳಿದರೆ ನಾನೇ ತಡವರಿಸುತ್ತೇನೆ. ಅವರು ಕೇಳುತ್ತಿದ್ದದ್ದು ಇಡೀ ವರ್ಷದ ಊಟ. "ಎಷ್ಟು" ಎಂಬುದಕ್ಕೆ ಅಳತೆಯಾಗಿ ಒಂದು ಸಣ್ಣ, ಒಂದು ದೊಡ್ಡ ಸ್ಟೀಲ್ ಬಟ್ಟಲು ತಂದಿದ್ದರು. ಹೆಂಗಸರು ಮಾತಾಡಲಿ ಎಂದು ನನ್ನನ್ನೂ ಜೊತೆಗೆ ಕರೆದೊಯ್ದರು.

ರಂಗಂಪೇಟೆಯ ಆಚೆಯ ಒಂದು ಕೇರಿ. ಯಲ್ಲವ್ವನ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅಂಗಳದಲ್ಲಿ ಕಟ್ಟಿದ ಹಗ್ಗದ ಮೇಲೆ ಉಪ್ಪು ಹಚ್ಚಿ ಒಣಹಾಕಿದ ಖಂಡದ ಎಳೆಗಳು. ಜೀಪು ನಿಲ್ಲುತ್ತಲೇ ಯಲ್ಲವ್ವ ಅವುಗಳ ಮೇಲೆ ಒಂದು ಸೀರೆ ಎಳೆದಳು. ಅದೇನೆಂದು ತಂಡದ ಯುವಕ ಕೇಳಿದ್ದೇ ತಡ, "ಸೀರಿ ಒಣಾ ಹಾಕೀನ್ರಿ, ಅದನ್ನೂ ಬರ್ಕೋತೀರೇನು?" ಎಂದಳು. ಆಗತಾನೇ ಬಸುರಿಯಾಗಿದ್ದ ಸೊಸೆ ಭೀಮವ್ವ ಬಾಗಿಲ ಹಿಂದೆ ಸೆರಗು ಕಚ್ಚಿ ನಕ್ಕಳು.

"ಖಂಡ ತಿಂತೀರೇನಮ್ಮ?"

"ತಿಂತೇವ್ರಿ, ಸಿಕ್ಕಾಗ."

"ಸಣ್ಣದೋ, ದೊಡ್ಡದೋ?" ಅವನು ಬಟ್ಟಲು ಎತ್ತಿ ತೋರಿಸಿದ.

ಯಲ್ಲವ್ವ ಬಟ್ಟಲು ನೋಡಲಿಲ್ಲ, ಅವನ ಮುಖ ನೋಡಿದಳು. "ಸಣ್ಣದ್ರಿ! ನಮ್ಮ ಮನ್ಯಾಗ ಸಣ್ಣದ ನಡೀತದ."

ಆ ಸೀಮೆಯಲ್ಲಿ ಸಣ್ಣದು ಎಂದರೆ ಕುರಿ, ಆಡು. ದೊಡ್ಡದು ಎಂದರೆ ದನದ್ದು. ಪ್ರಾಣಿಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡದು ತಿನ್ನುವವರು ಅದನ್ನು ಜೀಪಿನಲ್ಲಿ ಬಂದ ಅಪರಿಚಿತರಿಗಂತೂ ಹೇಳುವುದೇ ಇಲ್ಲ. ಹೇಳಿ ಅವಮಾನ ಉಂಡವರು ಕೇರಿಯಲ್ಲಿದ್ದರು. ಅವನು ಕೇಳಿದ್ದು ಬಟ್ಟಲಿನ ಅಳತೆ, ಅವಳು ಉತ್ತರಿಸಿದ್ದು ಜಾತಿಯ ಪ್ರಶ್ನೆಗೆ. ಮನೆಮನೆಯಲ್ಲೂ ಅದೇ ಉತ್ತರ. ಇಡೀ ಕೇರಿ ಸ್ಮಾಲ್ ಪೋರ್ಷನ್ ಆಗಿಬಿಟ್ಟಿತು.

ಸಂಜೆ ತಂಡದ ಪ್ರೊಫೆಸರರಿಗೆ ಇದನ್ನು ಹೇಳಿದೆ. ಅವರು ನಕ್ಕರು. "ಮೇಡಂ, ಸ್ಯಾಂಪಲ್ ದೊಡ್ಡದಿದ್ದರೆ ಇಂಥ ಎರರ್ ಎಲ್ಲ ತಾನಾಗಿ ತೊಳೆದುಹೋಗುತ್ತದೆ." ಒಬ್ಬ ಹೆಚ್ಚು, ಒಬ್ಬ ಕಡಿಮೆ ಹೇಳಿದರೆ ತೊಳೆದುಹೋದೀತು. ಎಲ್ಲರೂ ಒಂದೇ ಕಡೆಗೆ ವಾಲಿದರೆ ತೊಳೆಯುವುದು ಯಾವುದನ್ನು? ನಾನು ವಾದಿಸಿದೆ. ಪ್ಲೀಸ್, ಪ್ರಶ್ನೆಯ ಮಾತು ಬದಲಿಸಿ ಎಂದೆ. ಜೀಪು ಹೊರಟೇಹೋಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಸಲಹೆ ಬಂತು. ಸಣ್ಣ ಬಟ್ಟಲಿನಷ್ಟೇ ತಿನ್ನುವವರಲ್ಲೂ ಬಿಪಿ ಕಂಡಿದೆ, ಆದ್ದರಿಂದ ರೆಡ್ ಮೀಟ್ ಪೂರಾ ಬಿಡುವುದು ಒಳ್ಳೆಯದು. ಒಣಖಂಡದ ಉಪ್ಪನ್ನಾಗಲಿ, ತಂಬಾಕನ್ನಾಗಲಿ ಯಾರೂ ಕೇಳಿರಲಿಲ್ಲ. ಹೆಲ್ತ್ ವರ್ಕರ್‌ಗಳು ಇದನ್ನು ಮನೆಮನೆಗೆ ಸಾರಿದರು.

ಎಂಟನೆಯ ತಿಂಗಳಲ್ಲಿ ಯಲ್ಲವ್ವ ಸೊಸೆಯನ್ನು ಕರೆತಂದಳು. ಭೀಮವ್ವನ ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣದ ಬಣ್ಣ. ಬಸುರಿಗೆ ಹಿಮೋಗ್ಲೋಬಿನ್, ಅಂದರೆ ರಕ್ತದ ಕೆಂಪು ಅಂಶ, ಹನ್ನೊಂದಾದರೂ ಇರಬೇಕು. ಅವಳಿಗಿದ್ದದ್ದು ಐದು. ಕಬ್ಬಿಣಾಂಶದ ಗುಳಿಗೆ ವಾಂತಿಯಾಗುತ್ತಿತ್ತು. ಇಂಜೆಕ್ಷನ್ ಶುರು ಮಾಡಿದೆ. ಊಟ ಕೇಳಿದೆ: ಬಿಳಿ ಅನ್ನ, ತಿಳಿ ಸಾರು. ಕಾಲು ಬಾತದ್ದು ಕಂಡು, ಬಿಪಿಯೇ ಎಂದುಕೊಂಡು, ಅತ್ತೆ ಖಂಡ ನಿಲ್ಲಿಸಿದ್ದಳು.

"ಮನೆಯಲ್ಲಿ ಏನಿದೆಯೋ ಅದನ್ನೇ ತಿನ್ನಿಸವ್ವ. ಸಣ್ಣದಾಗಲಿ, ದೊಡ್ಡದಾಗಲಿ. ಉಪ್ಪು ಹಚ್ಚಿದ್ದು ಮಾತ್ರ ಬೇಡ."

"ಕೆಂಪ ಖಂಡ ಬ್ಯಾಡಂತ ನಿಮ್ಮ ಮಂದಿನ ಸಾರಿ ಹೋದ್ರು. ಈಗ ನೀವು ತಿನ್ಸು ಅಂತೀರಿ. ಯಾವ ಬಾಯಿ ಖರೇ, ಡಾಕ್ಟರ್ ಬಾಯಾರ?"

"ಅವರು ಕೇಳಿದ್ದೇ ತಪ್ಪು, ಯಲ್ಲವ್ವ."

"ಅವ್ರು ಬಿಪಿ ಮಷಿನ್ ತಂದಿದ್ರು. ನಿಮ್ಮ ಕೈಯಾಗ ಏನದ?"

"ಸೂಜಿ ಅದ, ಅತ್ತಿ. ಸುಮ್ನಿರು, ನಿನಗೂ ಚುಚ್ಯಾರು," ಎಂದಳು ಭೀಮವ್ವ, ಏದುಸಿರಿನ ನಡುವೆ.

ರಕ್ತ ಕೊಡಬೇಕೆಂದರೆ ಕಲಬುರಗಿಗೇ ಹೋಗಬೇಕು. ಇವತ್ತೇ ಹೊರಡಿ ಎಂದು ಕೈಮುಗಿದೆ. ಕಾಲುವೆ ಕೆಲಸಕ್ಕೆ ಹೋಗಿದ್ದ ಗಂಡ ಬರಲಿ ಎಂದರು. ಎರಡು ವಾರ ದಿನವೂ ಬೇಡಿಕೊಂಡೆ. ಅವನು ಬರುವ ಮೊದಲೇ ನೋವು ಬಂತು.

ಹೆಣ್ಣುಮಗು ಹುಟ್ಟಿತು, ಅತ್ತಿತು. ತಾಯಿಯ ರಕ್ತಸ್ರಾವ ನಿಲ್ಲಲಿಲ್ಲ. ಇದ್ದ ಔಷಧಿಯನ್ನೆಲ್ಲ ಕೊಟ್ಟೆವು, ಹೊಟ್ಟೆಯನ್ನು ಕೈಯಿಂದಲೇ ಒತ್ತಿ ಹಿಡಿದೆವು. ಇಳಿಯಲು ಅವಳಲ್ಲಿ ರಕ್ತವಾದರೂ ಎಷ್ಟಿತ್ತು? ಮಗುವನ್ನು ನರ್ಸ್ ಕೈಗಿತ್ತು, ನಡುಮಧ್ಯಾಹ್ನದ ಬಿಸಿಲಲ್ಲಿ ಜೀಪು ಹತ್ತಿದೆವು. ಯಲ್ಲವ್ವನ ತೊಡೆಯ ಮೇಲೆ ಸೊಸೆಯ ತಲೆ, ನನ್ನ ಬೆರಳು ಅವಳ ನಾಡಿಯ ಮೇಲೆ. ಬೇಗ, ಇನ್ನೂ ಬೇಗ ಎಂದು ಡ್ರೈವರನಿಗೆ ಕೂಗುತ್ತಲೇ ಇದ್ದೆ. ಶಹಾಪುರ ಹತ್ತಿರವಾಯಿತು. ಮಲಗಿದ ಬುದ್ಧನಂತೆ ಕಾಣುವ ಆ ಗುಡ್ಡ ಎದುರಿಗೆ ಬರುವ ಹೊತ್ತಿಗೆ ನನ್ನ ಬೆರಳ ಕೆಳಗೆ ಏನೂ ಇರಲಿಲ್ಲ.

ಯಲ್ಲವ್ವ ಅಳಲಿಲ್ಲ. ಸೊಸೆಯ ಕೂದಲು ಸರಿಮಾಡುತ್ತ, ಡ್ರೈವರನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದಳು, "ಬಾಯಾರ, ಮೊದಲಿನ್ಹಂಗ ದೊಡ್ಡದು ತಿನ್ಸಿದ್ರ ಉಳೀತಿದ್ಲೇನ್ರಿ?"

ಹೌದೆಂದರೆ ಆ ಮುದುಕಿಯ ಮೇಲೆ ಕೊಲೆಯ ಭಾರ. ಇಲ್ಲವೆಂದರೆ ನಾನು ಅಷ್ಟು ದಿನ ಬೇಡಿಕೊಂಡದ್ದು ಸುಳ್ಳು.

"ಗೊತ್ತಿಲ್ಲವ್ವ," ಎಂದೆ.

ಈಗಲೂ ಗೊತ್ತಿಲ್ಲ. ಒಬ್ಬಳ ಸಾವು ಒಂದು ಸ್ಟಡಿಯಲ್ಲ. ಮಾಂಸ ಒಳ್ಳೆಯದೆಂದು ಸಾಧಿಸಲು ನಾನು ಇದನ್ನು ಬರೆಯುತ್ತಿಲ್ಲ. ಅತಿಯಾದರೆ ಕೆಡುಕೂ ಇದ್ದೀತು. ಆದರೆ ಪೇಪರಿನಲ್ಲಿ ರೆಡ್ ಮೀಟಿನ ಬಗ್ಗೆ ಹೊಸ ಹೆಡ್‌ಲೈನ್ ಬಂದಾಗಲೆಲ್ಲ ಕನ್ನಡಕ ತೆಗೆದಿಟ್ಟು ಕೂರುತ್ತೇನೆ. ಯಾರನ್ನು ಕೇಳಿದರು, ಯಾವ ಮಾತಿನಲ್ಲಿ ಕೇಳಿದರು, ಹೇಳುವವರಿಗೆ ಏನೇನು ಮುಚ್ಚಿಡಬೇಕಿತ್ತು? ದೊಡ್ಡದು ಎಂಬ ಮಾತನ್ನು ಯಲ್ಲವ್ವ ಬಾಯಿಬಿಟ್ಟು ಹೇಳಿದ್ದು ಜೀಪಿನಲ್ಲಿ, ಅದೊಂದೇ ಸಲ. ಸಿಸ್ಟರ್, ಸರಿಯಾಗಿ ಕೇಳುವುದನ್ನು ನನಗೆ ಕಲಿಸಿದವಳು ಅವಳು. ಅವಳು ಸರಿಯಾಗಿಯೇ ಕೇಳಿದ್ದಳು, ನಾನು ಹೇಳಿದ್ದು ಗೊತ್ತಿಲ್ಲವ್ವ ಎಂದಷ್ಟೇ.